ಚಿಟ್ಟೆ ನೋಡುತ್ತಿದ್ದ ಚಾಚಾ

"ಕೈ ತೊಳೆದ್ರಾ?"

ಅವರು ನನ್ನ ಜೊತೆ ಆಡಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಲ್ಯಾಬಿಗೆ ನಾನು ಕೆಲಸಕ್ಕೆ ಸೇರಿದ ದಿನ, ಜೀವಕೋಶ ಬೆಳೆಸುವ ಕೋಣೆಯ ಬಾಗಿಲಿಗೆ ಅಡ್ಡ ನಿಂತುಕೊಂಡು ಕೇಳಿದರು. ತೊಳೆದೆ ಅಂದೆ. ಮೂಗು ಮುಂದೆ ಮಾಡಿ ಗಾಳಿ ಮೂಸಿದರು.

"ತಲೆಗೇನ್ ಹಾಕಂಡಿದೀರ?"

"ಕೊಬ್ರಿ ಎಣ್ಣೆ."

"ನಾಳೆಯಿಂದ ಬ್ಯಾಡಿ."

ಪಿಎಚ್.ಡಿ. ಮುಗಿಸಿ ಬಂದವಳು ನಾನು. ಅವರು ಲ್ಯಾಬಿನ ಟೆಕ್ನಿಷಿಯನ್, ಹತ್ತನೇ ಕ್ಲಾಸಿನವರೆಗೆ ಓದಿದವರು. ಮೈಯೆಲ್ಲ ಉರಿದುಹೋಯಿತು. ಚನ್ನಪಟ್ಟಣಕ್ಕೆ ವಾಪಸು ಹೋಗುವ ರೈಲಿನಲ್ಲಿ ಕೂತು, ಇವರ ಕೈಕೆಳಗೆ ಕೆಲಸ ಮಾಡುವ ಕರ್ಮ ನನಗೇಕೆ ಅಂತ ಅಮ್ಮನಿಗೆ ಫೋನಿನಲ್ಲಿ ಗೊಣಗಿದೆ. ಮಾರನೆಯ ದಿನ ಮಾತ್ರ ಎಣ್ಣೆ ಹಾಕದೆ ಹೋದೆ.

ನಾವೆಲ್ಲ ಚಾಚಾ ಅಂತ ಕರೆಯುತ್ತಿದ್ದ ಅವರು ತೀರಿಹೋಗಿ ನಾಲ್ಕು ತಿಂಗಳಾಯಿತು. ರಾಮನಗರದ ಮನೆಯಲ್ಲಿ, ಬೆಳಗಿನ ಚಹಾ ಕುಡಿಯುತ್ತಾ ಕೂತವರು ಹಾಗೇ ಒರಗಿದರಂತೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮನೆಯವರಿಗೆ ಮುಜುಗರ. ಆದರೆ ನಾನು ಹೇಳದೆ ಬಿಟ್ಟ ಒಂದು ವಿಷಯವಿದೆ. ಅದನ್ನು ಹೇಳಬೇಕೆಂದರೆ ಅವರ ಬಗ್ಗೆ ಬರೆಯಲೇಬೇಕು.

ಲ್ಯಾಬಿಗೆ ಬರುವ ಮುಂಚೆ ಅವರು ರಾಮನಗರದ ಒಂದು ಬಿತ್ತನೆ ಕೋಠಿಯಲ್ಲಿ ಇಪ್ಪತ್ತು ವರ್ಷ ಚಿಟ್ಟೆ ನೋಡುತ್ತಿದ್ದರು. ರೇಷ್ಮೆ ಹುಳದ ಮೊಟ್ಟೆ ತಯಾರಾಗುವ ಜಾಗ ಅದು. ತಾಯಿ ಚಿಟ್ಟೆ ಮೊಟ್ಟೆ ಇಟ್ಟಾದ ಮೇಲೆ ಅದನ್ನು ಸಣ್ಣ ಒರಳಿನಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಂಟು ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಡಬೇಕು. ಯಾಕೆಂದರೆ ಅದು ತಾಯಿಯಿಂದ ಮರಿಗೆ ಹೋಗುವ ರೋಗ. ದಿನಕ್ಕೆ ನೂರಾರು ಚಿಟ್ಟೆ ನೋಡಿ ನೋಡಿ ಅವರ ಎಡಗಣ್ಣಿನ ಸುತ್ತ ಒಂದು ಗೆರೆ ಬಿದ್ದಿತ್ತು. ಬಿತ್ತನೆ ಕೋಠಿ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಮೈಕ್ರೋಸ್ಕೋಪು ಒಂದೇ, ಕೆಳಗಿರೋ ಜೀವ ಬೇರೆ, ಅಷ್ಟೇ ವ್ಯತ್ಯಾಸ ಅನ್ನುತ್ತಿದ್ದರು.

ನಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಪ್ರಾಸ್ಟೇಟ್ ಅನ್ನುವುದು ಗಂಡಸರ ಮೂತ್ರಕೋಶದ ಬುಡದಲ್ಲಿರುವ ಸಣ್ಣ ಗ್ರಂಥಿ. ಅಲ್ಲಿ ಕ್ಯಾನ್ಸರ್ ಬಂದು ಹರಡಿದವರಿಗೆ ಹಾರ್ಮೋನು ತಗ್ಗಿಸುವ ಸೂಜಿ ಕೊಡುತ್ತಾರೆ, ಸಾಮಾನ್ಯವಾಗಿ ಮೂರು ತಿಂಗಳಿಗೊಂದು. ಗಡ್ಡೆ ಕುಗ್ಗುತ್ತದೆ. ಕೆಲವರಲ್ಲಿ ವರ್ಷಗಳಾದ ಮೇಲೆ ಮತ್ತೆ ತಲೆ ಎತ್ತುತ್ತದೆ. ಗಡ್ಡೆಯೊಳಗೆ ಎಲ್ಲೋ ಒಂದಷ್ಟು ಕೋಶಗಳು ಸೂಜಿಗೆ ಬಗ್ಗದೆ ಅಡಗಿ ಕೂತಿದ್ದು, ಆಮೇಲೆ ಹೊಸ ಗಡ್ಡೆ ಹುಟ್ಟಿಸುತ್ತವೆ ಅನ್ನುವುದು ನಮ್ಮ ಅನುಮಾನ. ಅವಕ್ಕೆ ಕ್ಯಾನ್ಸರ್ ಕಾಂಡಕೋಶ ಅಂತ ಹೆಸರು. ಅವನ್ನು ಬೇರೆ ಮಾಡಿ ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತವೆ ಅಂತ ನೋಡುವುದು ನನ್ನ ಕೆಲಸ.

ಇದನ್ನು ನಾನು ಚಾಚಾಗೆ ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ಗಂಟೆ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡರು.

"ಅಂದ್ರೆ ಇದು ರೋಗದ ಬಿತ್ತನೆ ಅನ್ನಿ."

ಹೂಂ, ಅಷ್ಟೇ, ಅಂದೆ. ಅರ್ಧ ಗಂಟೆ ದಂಡವಾಗಿತ್ತು.

ಈ ಕೋಶಗಳನ್ನು ಬೆಳೆಸುವುದು ಎಷ್ಟು ಗೋಳು ಅಂತ ಮಾಡಿದವರಿಗೇ ಗೊತ್ತು. ಆಸ್ಪತ್ರೆಯಿಂದ ಕಡಲೆಕಾಳಿನಷ್ಟು ಮಾಂಸದ ಚೂರು ಬರುತ್ತದೆ. ಅದನ್ನು ಕತ್ತರಿಸಿ, ಕರಗಿಸಿ, ಕೋಶಗಳನ್ನು ಬಿಡಿಬಿಡಿ ಮಾಡಿ, ತಳಕ್ಕೆ ಏನೂ ಅಂಟದಂಥ ತಟ್ಟೆಯಲ್ಲಿ ಬಿಡಬೇಕು. ಅಂಟಿಕೊಳ್ಳಲು ಆಸರೆ ಇಲ್ಲದೆ ಬಹುಪಾಲು ಸಾಯುತ್ತವೆ. ಕಸುವಿರುವ ಕೆಲವು ಮಾತ್ರ ತೇಲಿಕೊಂಡೇ ಬೆಳೆದು ಸಣ್ಣ ಗುಂಡುಗಳಾಗುತ್ತವೆ. ಒಂದು ಸಲ ಬೂಷ್ಟು ಹಿಡಿದರೆ ಎಲ್ಲಾ ಮಣ್ಣುಪಾಲು. ನನ್ನದು ಮೊದಲೇ ಗಾಬರಿ ಸ್ವಭಾವ. ಇನ್‌ಕ್ಯುಬೇಟರ್ ಬಾಗಿಲು ಹಾಕಿದೆನೋ ಇಲ್ಲವೋ ಅಂತ ಸ್ಟೇಷನ್ನಿನಿಂದ ಎಷ್ಟೋ ಸಲ ವಾಪಸು ಓಡಿದ್ದೇನೆ. ಓಡಿ ಬಂದಾಗಲೆಲ್ಲ ಚಾಚಾ ಬಾಗಿಲ ಹತ್ತಿರವೇ ಇರುತ್ತಿದ್ದರು. "ಹಾಕಿವ್ನಿ, ಹೋಗಿ. ರೈಲು ತಪ್ಪೋಯ್ತದೆ" ಅನ್ನುತ್ತಿದ್ದರು.

ರೇಷ್ಮೆಯವರ ಮಡಿಯನ್ನೆಲ್ಲ ಅವರು ಲ್ಯಾಬಿಗೆ ತಂದಿದ್ದರು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲವಲ್ಲ, ಹಾಗೆ ನಮ್ಮ ಕೋಣೆಗೂ ಯಾರನ್ನೂ ಬಿಡುತ್ತಿರಲಿಲ್ಲ. ಲ್ಯಾಬಿನ ಮುಖ್ಯಸ್ಥರನ್ನೇ ಒಮ್ಮೆ, ಬೆಳಿಗ್ಗೆ ಗಡ್ಡಕ್ಕೆ ಸುಗಂಧ ಬಳಿದುಕೊಂಡು ಬಂದಿದ್ದರು ಅಂತ, ಬಾಗಿಲಲ್ಲೇ ನಿಲ್ಲಿಸಿದ್ದರು. ತಮಗೇ ಅತ್ತರೆಂದರೆ ಪ್ರಾಣ. ಆದರೂ ಹಬ್ಬದ ದಿನ ಬಿಟ್ಟರೆ ಮುಟ್ಟುತ್ತಿರಲಿಲ್ಲ. ಕೋಶಗಳಿಗೆ ಪೋಷಕ ದ್ರವ ಬದಲಾಯಿಸುವುದಕ್ಕೆ ಅವರು ಹೇಳುತ್ತಿದ್ದುದು, ಹುಳಕ್ಕೆ ಮೇವು ಹಾಕುವ ಹಾಗೆ, ಸೊಪ್ಪು ಹಾಕೋದು ಅಂತ. "ಮೇಡಮ್ಮ, ಸೊಪ್ಪಾಕಿದ್ರಾ?" ಅಂತ ಅವರು ಕೂಗಿದರೆ ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು.

ಒಂದು ದಿನ ಊಟದ ಹೊತ್ತಿನಲ್ಲಿ, ನಾನು ಕೇಳದೆಯೇ, ಒಂದು ಕತೆ ಹೇಳಿದರು. ಬಿತ್ತನೆ ಕೋಠಿಗೆ ಸೇರಿದ ಹೊಸದರಲ್ಲಿ ಒಂದು ಚಿಟ್ಟೆಯಲ್ಲಿ ರೋಗದ ಕಣ ಕಂಡಿತಂತೆ. ಒಂದೇ ಒಂದು ಕಣ. ಕೋಠಿಯ ಮಾಲೀಕ, ಏ ಬಿಡೋ, ಧೂಳಿರಬೇಕು ಅಂದ. ಇವರೂ ಧೂಳಿರಬೇಕು ಅಂದುಕೊಂಡರು. ಮೊಟ್ಟೆ ಮಾಗಡಿ ಕಡೆಗೆ, ಕಲ್ಯದ ಹತ್ತಿರದ ಒಂದು ಮನೆಗೆ ಹೋಯಿತು. ಹುಳ ಮೂರನೇ ಜ್ವರದಿಂದ, ಅಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆಯಿಂದ, ಏಳಲೇ ಇಲ್ಲ. ಆ ಮನೆಯ ಹೆಂಗಸು ಸತ್ತ ಹುಳವನ್ನು ಮಂಕರಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬಂದು, ಇವರ ಮೇಜಿನ ಮುಂದೆ ಇಟ್ಟು, ಏನೂ ಮಾತಾಡದೆ ವಾಪಸು ಹೋದಳಂತೆ.

"ಬಯ್ದಿದ್ರೆ ಒಸಿ ಹಗುರಾಗ್ತಿತ್ತು. ಬಯ್ಲಿಲ್ಲ. ಅವತ್ತಿಂದ ನೋಡಿದ್ದನ್ನ ನೋಡ್ಲಿಲ್ಲ ಅಂದಿಲ್ಲ ನಾನು."

ಹೀಗೆ ಹೇಳಿ ಡಬ್ಬಿ ಮುಚ್ಚಿದರು. ಆ ದಿನ ಅವರು ಊಟ ಅರ್ಧಕ್ಕೇ ಬಿಟ್ಟಿದ್ದರು.

ಮಾಂಸದ ಚೂರು ಕೊಡುವ ರೋಗಿಗಳ ಒಪ್ಪಿಗೆ ಪಡೆಯಲು ಆಸ್ಪತ್ರೆಯವರ ಜೊತೆ ಚಾಚಾನೇ ಹೋಗುತ್ತಿದ್ದರು. ಹಳ್ಳಿಯ ಹಿರಿಯರಿಗೆ ನಮ್ಮ ಕಾಗದದ ಭಾಷೆ ಎಲ್ಲಿ ತಿಳಿಯುತ್ತದೆ? ಇವರು ಪಕ್ಕದಲ್ಲಿ ಕೂತು ಉಚ್ಚೆ, ಗಡ್ಡೆ, ಸೂಜಿ ಅಂತ ಬಿಡಿಸಿ ಹೇಳಿದರೆ ಒಪ್ಪುತ್ತಿದ್ದರು. ಲ್ಯಾಬಿನಲ್ಲಿ ರೋಗಿಗೆ ಹೆಸರಿಲ್ಲ, ನಂಬರು ಮಾತ್ರ. ಹದಿನೇಳನೇ ನಂಬರಿನವರು ಕನಕಪುರದಾಚೆಯ ಒಂದು ಹಳ್ಳಿಯ ಹಿರಿಯರು. ಎಪ್ಪತ್ತು ದಾಟಿದ ರೇಷ್ಮೆ ಬೆಳೆಗಾರ. ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ.

ಹದಿನಾರು ಜನರ ಕೋಶಗಳು ನನ್ನ ಕೈಯಲ್ಲಿ ಒಂದರ ಹಿಂದೊಂದು ಸತ್ತಿದ್ದವು. ಹದಿನೇಳನೆಯದು ಬೆಳೆಯಿತು. ಎಂಟನೆಯ ದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ತಟ್ಟೆಯ ತುಂಬ ಹೊಳೆಯುವ ಗುಂಡುಗಳು, ಎಲ್ಲಾ ಒಂದೇ ಸಮ. ನನಗೆ ಕಣ್ಣಲ್ಲಿ ನೀರು ಬಂತು. ಅವತ್ತು ಚಾಚಾ ಜ್ವರ ಅಂತ ರಜ ಹಾಕಿದ್ದರು. ಬಾಗಿಲ ಹೊರಗಿಟ್ಟಿದ್ದ ಫೋನು ಒಳಗೆ ತಂದು, ಫೋಟೋ ತೆಗೆದು ಅವರ ವಾಟ್ಸಾಪಿಗೆ ಕಳಿಸಿದೆ. ಲ್ಯಾಬಿನ ಫೋಟೋ ಹೊರಗೆ ಕಳಿಸುವಂತಿಲ್ಲ ಅನ್ನುವ ನಿಯಮ ನನಗೆ ಗೊತ್ತಿತ್ತು. ಖುಷಿಯಲ್ಲಿ ಕಳಿಸಿಬಿಟ್ಟೆ.

ಮುಂದಿನದು ರೇಷ್ಮೆ ಸೀಮೆಯ ಜನ ಮಾತ್ರ ಮಾಡಬಹುದಾದ ತಪ್ಪು. ಬಿತ್ತನೆಗೆ ಗೂಡು ಕೊಟ್ಟ ರೈತನಿಗೆ ಅವನ ಚಿಟ್ಟೆ ಏನಾಯಿತು ಅಂತ ಹೇಳಲೇಬೇಕು. ಬಿತ್ತನೆ ಕೋಠಿಯ ಮರ್ಯಾದೆ ಅದು. ಯಜಮಾನರು ವಾರಕ್ಕೊಂದು ಸಲ ಚಾಚಾಗೆ ಫೋನು ಮಾಡಿ, ನಂದು ಹೆಂಗೈತೆ ಸಾಬ್ರೇ ಅಂತ ಕೇಳುತ್ತಿದ್ದರಂತೆ. ಚಾಚಾ ಎರಡು ತಿಂಗಳು ಏನೇನೋ ಹೇಳಿ ಜಾರಿಕೊಂಡಿದ್ದಾರೆ. ಒಂದು ದಿನ ಆಸ್ಪತ್ರೆಯಲ್ಲಿ ಎದುರಿಗೇ ಸಿಕ್ಕಿ ಕೇಳಿದಾಗ ತಡೆಯಲಾಗದೆ ನನ್ನ ಫೋಟೋ ತೋರಿಸಿದ್ದಾರೆ. ಯಜಮಾನರು ತಮಗೂ ಕಳಿಸಿ ಅಂದರು. ಚಾಚಾ ಕಳಿಸಿದರು.

ಐವತ್ತು ವರ್ಷ ಹುಳ ಸಾಕಿದ ಕಣ್ಣು ಅದು. ಗುಂಡಗೆ, ಹೊಳಪಾಗಿ, ಒಂದೇ ಸಮ ಇದ್ದರೆ ಬೆಳೆ ಗೆದ್ದ ಹಾಗೆ. ಯಜಮಾನರು ಆ ಫೋಟೋವನ್ನು ಊರಿನವರಿಗೆಲ್ಲ ತೋರಿಸಿದರು. ತನಗೆ ವಾಸಿಯಾಯಿತು ಅಂತ ತೀರ್ಮಾನಿಸಿ, ಮುಂದಿನ ಸೂಜಿಗೆ ಆಸ್ಪತ್ರೆಗೆ ಹೋಗಲೇ ಇಲ್ಲ.

ಇದು ಗೊತ್ತಾದದ್ದು ಆಸ್ಪತ್ರೆಯ ನರ್ಸ್ ಫೋನು ಮಾಡಿದಾಗ. ಹದಿನೇಳನೆಯವರ ಸೂಜಿಯ ದಿನ ದಾಟಿ ಒಂದೂವರೆ ತಿಂಗಳಾಯಿತು, ಫೋನು ಮಾಡಿದರೆ ಹುಷಾರಾಗಿದ್ದೀನಿ ಬರಲ್ಲ ಅಂತಾರೆ ಅಂದಳು. ಚಾಚಾ ಕೈಯಲ್ಲಿದ್ದ ಪಿಪೆಟ್ಟು ಕೆಳಗಿಟ್ಟರು. ಮುಖ ಸುಣ್ಣವಾಗಿತ್ತು. ಫೋಟೋ ತೋರಿಸಿದ ಸಂಗತಿ ಆಗಲೇ ನನಗೆ ಹೇಳಿದ್ದು. ಸೂಜಿ ತಪ್ಪಿಸಿದರೆ ಒಳಗೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ಅದನ್ನೇ ಅಲ್ಲವೇ ನಾನು ಬೆಳೆಸುತ್ತಿದ್ದುದು.

ಭಾನುವಾರ ಇಬ್ಬರೂ ಕನಕಪುರಕ್ಕೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಹೇಗೆ ಹೇಳೋಣ, ಏನು ಹೇಳೋಣ ಅಂತ ಒಂದೇ ಸಮ ವಟಗುಟ್ಟುತ್ತಿದ್ದೆ. ಯಜಮಾನರ ಹುಳದ ಮನೆಯ ಹೊಸಿಲಿಗೆ ಬ್ಲೀಚಿಂಗ್ ಪುಡಿ ಚೆಲ್ಲಿತ್ತು. ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಯಜಮಾನರು ಸೊಪ್ಪಿನ ಹೊರೆ ಇಳಿಸಿ, ನಮ್ಮನ್ನು ನೋಡಿ ನಕ್ಕರು.

"ಒಳೀಕ್ ಬರ್ಬ್ಯಾಡಿ, ಮೊದ್ಲು ಕೈ ತೊಳ್ಕಳಿ ಸಾಬ್ರೇ."

ಚಾಚಾ ತೊಳೆದರು. ನಾನೂ ತೊಳೆದೆ. ಯಜಮಾನರು ಜಗುಲಿಯ ಮೇಲೆ ಕೂತು ಫೋನು ತೆಗೆದು ಅದೇ ಫೋಟೋ ತೋರಿಸಿದರು. "ನೋಡಿ ಹೆಂಗವೆ. ಒಂದಾದ್ರೂ ಪೀಚೈತಾ?"

ಚಾಚಾ ನಿಂತೇ ಇದ್ದರು.

"ಗೌಡ್ರೇ, ಅದು ನಿಮ್ ಬೆಳೆ ಅಲ್ಲ. ನಿಮ್ ರೋಗದ್ದು. ಅದು ಹಂಗೆ ಗುಂಡುಗುಂಡಗೆ ಬಂದ್ರೆ ರೋಗಕ್ಕೆ ಕಸುವೈತೆ ಅಂತ ಅರ್ಥ. ನಿಮ್ಗೆ ವಾಸಿಯಾಗಿಲ್ಲ. ಫೋಟೋ ತೋರಿಸ್ದಾಗ್ಲೇ ಇದನ್ನ ಹೇಳ್ಬೇಕಿತ್ತು. ನೀವು ಖುಷಿಯಾಗಿದ್ರಿ, ನನ್ ಬಾಯಿ ಬರ್ಲಿಲ್ಲ. ತಪ್ಪು ನಂದು."

ಯಜಮಾನರು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಹುಳ ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಿದರು.

"ಅದಿನ್ನೂ ಬೆಳೀತಾ ಐತಾ ಅಲ್ಲಿ?"

"ಐತೆ."

"ನೀವ್ ಚಿಟ್ಟೆ ನೋಡ್ತಿದ್ದೋರು. ರೋಗದ್ ಮೊಟ್ಟೆ ಏನ್ಮಾಡ್ತಿದ್ರಿ?"

"ಸುಡ್ತಿದ್ವಿ."

"ಮತ್ತೆ ಇದನ್ಯಾಕೆ ಮೇವಾಕಿ ಸಾಕ್ತಿದೀರ? ಅಲ್ಲಿ ಅದನ್ನ ಸಾಕ್ಕೊಂಡು ಇಲ್ಲಿ ನಂಗೆ ಸೂಜಿ ಹಾಕುಸ್ಕೊ ಅಂದ್ರೆ ಹೆಂಗೆ? ಮೊದ್ಲು ಅದನ್ನ ಸುಡಿ. ಆಮೇಲ್ ಬತ್ತೀನಿ."

ನಾನು ಬಾಯಿ ಹಾಕಿದೆ. ಅಲ್ಲಿರುವುದಕ್ಕೂ ನಿಮ್ಮ ಮೈಯಲ್ಲಿರುವುದಕ್ಕೂ ಈಗ ಸಂಬಂಧವಿಲ್ಲ, ಅದನ್ನು ಸಾಯಿಸುವ ಔಷಧ ಹುಡುಕುವುದಕ್ಕೇ ಬೆಳೆಸುತ್ತಿದ್ದೇವೆ, ನಿಮ್ಮಂಥ ಎಷ್ಟೋ ಜನಕ್ಕೆ ಉಪಯೋಗ ಅಂತೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ನಾನು ಎಷ್ಟೋ ಜನಕ್ಕೋಸ್ಕರ ಬೇಡಿಕೊಳ್ಳುತ್ತಿರಲಿಲ್ಲ, ನನ್ನ ತಟ್ಟೆಗೋಸ್ಕರ ಬೇಡಿಕೊಳ್ಳುತ್ತಿದ್ದೆ. ಹದಿನಾರು ಸತ್ತ ಮೇಲೆ ಉಳಿದ ಒಂದು. ಯಜಮಾನರು ನನ್ನ ಕಡೆ ತಿರುಗಲೂ ಇಲ್ಲ.

"ಸುಡ್ತೀವಿ ಗೌಡ್ರೇ. ಮಾತ್ ಕೊಡ್ತೀನಿ" ಅಂದರು ಚಾಚಾ.

ಒಪ್ಪಿಗೆ ಕೊಟ್ಟ ರೋಗಿ ಅದನ್ನು ವಾಪಸು ಪಡೆಯಬಹುದು, ಪಡೆದರೆ ಅವರ ಕೋಶಗಳನ್ನೆಲ್ಲ ನಾಶ ಮಾಡಲೇಬೇಕು. ನಿಯಮ ಹಾಗಿದೆ. ಆಸ್ಪತ್ರೆಯ ಮೂಲಕ ಯಜಮಾನರ ಹೆಬ್ಬೆಟ್ಟಿನ ಕಾಗದ ಬಂತು. ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆಸಿದರು. ರೋಗಿಗೆ ಫೋಟೋ ತೋರಿಸಿದ್ದು ಯಾರು ಅಂದರು. ನಾನು ಅಂದರು ಚಾಚಾ. ತೆಗೆದದ್ದು ಯಾರು?

ಮುಖ್ಯಸ್ಥರು ನನ್ನ ಕಡೆ ನೋಡಿದರು.

"ಅದೂ ನಾನೇ ಸಾರ್" ಅಂದರು ಚಾಚಾ.

ನಾನು ನೆಲ ನೋಡುತ್ತಾ ನಿಂತಿದ್ದೆ. ತಿಂಗಳ ಕೊನೆಗೆ ಕೆಲಸ ಬಿಡಿ ಅಂತ ಅವರಿಗೆ ಹೇಳಿದರು. ಹೊರಗೆ ಬಂದ ಮೇಲೆ, ಚಾಚಾ, ನಾನು ಹೋಗಿ ಹೇಳ್ತೀನಿ ಅಂದೆ. "ಬ್ಯಾಡಿ. ನಿಮ್ದಿನ್ನೂ ಮೊದ್ಲನೇ ಜ್ವರ" ಅಂತ ನಕ್ಕರು. ಎಳೆ ಹುಳ ಅಂತ ತಮಾಷೆ ಮಾಡಿದ್ದು. ನಾನು ಹೋಗಿ ಹೇಳಲಿಲ್ಲ. ಅವರು ಬೇಡ ಅಂದರು ಅನ್ನುವುದನ್ನೇ ನೆಪ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಭಯ.

ತಟ್ಟೆಗಳಲ್ಲಿದ್ದ ಕೋಶಗಳನ್ನು ಸೋಮವಾರ ನಾಶ ಮಾಡಿದೆವು. ಉಳಿದದ್ದು ಘನೀಕರಿಸಿ ದ್ರವ ಸಾರಜನಕದ ತೊಟ್ಟಿಯಲ್ಲಿಟ್ಟ ಬೆರಳುದ್ದದ ಸೀಸೆಗಳು. ಒಟ್ಟು ಆರು. ನಾವಿಬ್ಬರೇ ಸೇರಿ ತುಂಬಿಸಿದ್ದವು. ಬಿಸಿ ಹಬೆಯಲ್ಲಿ ಬೇಯಿಸುವ ಯಂತ್ರದ ಮುಂದೆ ಚಾಚಾ ಕಾಯುತ್ತಿದ್ದರು. ನಾನು ತೊಟ್ಟಿಯಿಂದ ಐದು ತೆಗೆದೆ. ಆರನೆಯದನ್ನು ಬೇರೆ ಪೆಟ್ಟಿಗೆಯ ಮೂಲೆಗೆ ಸರಿಸಿದೆ. ಒಂದೇ ಒಂದು, ಯಾರಿಗೆ ಏನು ನಷ್ಟ, ಇದರಿಂದ ನಾಳೆ ಔಷಧ ಸಿಕ್ಕರೆ ಯಜಮಾನರಿಗೇ ಒಳ್ಳೆಯದಲ್ಲವೇ ಅಂತ ಮನಸ್ಸು ಹೇಳುತ್ತಿತ್ತು.

ಚಾಚಾ ಸೀಸೆಗಳನ್ನು ನೋಡಿದರು. ಒಂದೊಂದಾಗಿ ಎಣಿಸಿದರು. ಯಂತ್ರದೊಳಗಿಟ್ಟು ಬಾಗಿಲು ಬಿಗಿದರು. ಬೆಂದು ಮುಗಿಯುವವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಆಮೇಲೆ ಫೋನು ತೆಗೆದು, ನನಗೂ ಕೇಳುವಂತೆ ಸ್ಪೀಕರ್ ಹಾಕಿ ಯಜಮಾನರಿಗೆ ಮಾಡಿದರು.

"ಆಯ್ತು ಗೌಡ್ರೇ. ಇವತ್ತು ಮುಗಿತೈತೆ. ಸಾಯಂಕಾಲಕ್ಕೆ ಇನ್ನೊಂದ್ ಸಲ ಫೋನ್ ಮಾಡಿ, ಎಲ್ಲಾ ಸುಟ್ಟಾಯ್ತು ಅಂತ ಹೇಳ್ತೀನಿ."

"ಹಂಗಾರೆ ನಾಳೀಕೇ ಹೊಂಡ್ತೀನಿ ಆಸ್ಪತ್ರೆಗೆ" ಅಂದಿತು ಆ ಕಡೆಯ ದನಿ.

ಫೋನನ್ನು ಜೇಬಿಗೆ ಹಾಕಿಕೊಂಡು ಚಾಚಾ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸುಸ್ತಾದವರ ಮುಖ.

"ಮೇಡಮ್ಮ, ನಿಮ್ಗೋಸ್ಕರ ಒಂದ್ ಸುಳ್ಳು ಆಗ್ಲೇ ಹೇಳಿವ್ನಿ. ಇನ್ನೊಂದ್ ಹೇಳುಸ್ಬ್ಯಾಡಿ."

ಇಷ್ಟು ಹೇಳಿ ಕೈ ತೊಳೆಯಲು ಹೋದರು. ನಲ್ಲಿಯ ಹತ್ತಿರ, ನನಗೆ ಬೆನ್ನು ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದದ್ದೇ ತೊಳೆದದ್ದು. ನಾನು ತೊಟ್ಟಿಯ ಮುಚ್ಚಳ ತೆಗೆದೆ, ಮೂಲೆಯ ಸೀಸೆ ಎತ್ತಿಕೊಂಡು ಬಂದು ಯಂತ್ರಕ್ಕೆ ಹಾಕಿದೆ. ಅವರು ತಿರುಗಿ ನೋಡಲೇ ಇಲ್ಲ. ಹಾಕಿದೆನೋ ಇಲ್ಲವೋ ಅಂತ ಕೇಳಲೂ ಇಲ್ಲ. ಸಾಯಂಕಾಲ ಮಾತ್ರ ಯಜಮಾನರಿಗೆ ಫೋನು ಮಾಡಿ, ಎಲ್ಲಾ ಸುಟ್ಟಾಯ್ತು ಅಂದರು.

ಲ್ಯಾಬು ಬಿಟ್ಟ ಮೇಲೂ ಮೂರು ತಿಂಗಳಿಗೊಮ್ಮೆ ಅವರ ಫೋನು ಬರುತ್ತಿತ್ತು. "ಗೌಡ್ರು ಸೂಜಿ ಹಾಕುಸ್ಕಂಡ್ರಂತೆ. ನೀವ್ ಆರಾಮಾಗಿರಿ." ಅಷ್ಟೇ ಮಾತು. ಪ್ರತಿ ಸಲವೂ, ಚಾಚಾ, ನಿಮ್ಮ ಕೆಲಸ ನನ್ನಿಂದ ಹೋಯಿತು ಅಂತ ಹೇಳಬೇಕೆಂದುಕೊಳ್ಳುತ್ತಿದ್ದೆ. ಸೊಪ್ಪು ಹಾಕಿದ್ರಾ ಅಂತ ಅವರು ಕೇಳುತ್ತಿದ್ದರು, ಹಾಕಿದೆ ಅನ್ನುತ್ತಿದ್ದೆ, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವರು ಹೋದ ಮೇಲೆ ನನಗೆ ಹೊಸ ಗಾಬರಿ ಹಿಡಿಯಿತು. ಇನ್ನು ಯಜಮಾನರನ್ನು ಸೂಜಿಗೆ ಹೋಗಿ ಅನ್ನುವವರು ಯಾರು? ಚಾಚಾ ಮೇಲಿನ ನಂಬಿಕೆಯಿಂದ ಹೋಗುತ್ತಿದ್ದವರು. ಲ್ಯಾಬಿನ ನಿಯಮದಂತೆ ರೋಗಿಗೆ ನಾನಾಗಿ ಫೋನು ಮಾಡುವಂತಿಲ್ಲ, ನಂಬರೂ ಇರಲಿಲ್ಲ. ಸೂಜಿಯ ದಿನ ಬಂತು, ಹೋಯಿತು. ಮೂರನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಮೇಡಮ್ನೋರಾ? ಸಾಬ್ರು ಹೋಗ್ಬುಟ್ರಂತಲ್ಲ."

ಹೂಂ ಯಜಮಾನ್ರೇ ಅಂದೆ.

"ನಿಮ್ ನಂಬ್ರು ಅವ್ರೇ ಕೊಟ್ಟಿದ್ರು. ನಂಗೇನಾದ್ರೂ ಆದ್ರೆ ಈವಮ್ಮಂಗೆ ಫೋನ್ ಮಾಡಿ, ಇಲ್ದಿದ್ರೆ ಗಾಬ್ರಿ ಬೀಳ್ತಾಳೆ ಅಂತ. ಸೂಜಿ ಹಾಕುಸ್ಕಂಡೆ. ಒಂದ್ ಮಾತು. ಅವತ್ತು ಎಲ್ಲಾನೂ ಸುಟ್ರಿ ತಾನೆ?"

"ಆರಕ್ಕಾರೂ ಸುಟ್ಟೆ ಯಜಮಾನ್ರೇ. ಕೊನೇದನ್ನ ನನ್ನ ಕೈಯಾರೆ ಹಾಕಿದೆ. ಇನ್ನೊಂದು ಹೇಳ್ಬೇಕು. ಆ ಫೋಟೋ ತೆಗೆದಿದ್ದು ಚಾಚಾ ಅಲ್ಲ, ನಾನು. ಅವರ ಕೆಲಸ ಹೋಗಿದ್ದು ನನ್ನಿಂದ."

ಆ ಕಡೆ ಸೊಪ್ಪು ಕತ್ತರಿಸುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಗೊತ್ತು ಕಣವ್ವ" ಅಂದರು ಯಜಮಾನರು. "ಫೋಟೋ ಬಂದಾಗ ಜ್ವರ ಬಂದು ಮನೇಲ್ ಮಲ್ಗಿದ್ದೆ ಅಂತ, ತೋರಿಸ್ದಾಗ ಅವ್ರೇ ಅಂದಿದ್ರು. ಮನೇಲಿದ್ದೋರು ಫೋಟೋ ಹೆಂಗ್ ತೆಗೀತಾರೆ? ನಾನೇ ಕೇಳ್ದೆ. ನಕ್ರು, ಏನೂ ಹೇಳ್ಲಿಲ್ಲ. ಇರ್ಲಿ. ಇನ್ ಮೂರ್ ತಿಂಗ್ಳಿಗೆ ಮಾಡ್ತೀನಿ."

ಇದನ್ನು ನಮ್ಮ ಮುಖ್ಯಸ್ಥರೂ ಓದುತ್ತಾರೆ. ಓದಲಿ ಅಂತಲೇ ಬರೆದದ್ದು. ಯಜಮಾನರು ಹೇಳಿದ ಮೂರು ತಿಂಗಳು ಬರುವ ಸೋಮವಾರಕ್ಕೆ ಮುಗಿಯುತ್ತದೆ. ಫೋನನ್ನು ಕೋಣೆಯೊಳಗೆ ಒಯ್ಯುವಂತಿಲ್ಲ, ಚಾಚಾ ಮಾಡಿದ ಕಟ್ಟಳೆ ಅದು. ಈಗಿನಿಂದಲೇ ಬಾಗಿಲ ಹೊರಗಿನ ಅವರ ಸ್ಟೂಲಿನ ಮೇಲೆ ಅದನ್ನು ಇಟ್ಟು, ಕೈ ತೊಳೆದು, ಒಳಗೆ ಹೋಗುತ್ತಿದ್ದೇನೆ. ಐದು ನಿಮಿಷಕ್ಕೊಮ್ಮೆ ಹೊರಗೆ ಬಂದು ನೋಡುತ್ತೇನೆ, ಮತ್ತೆ ಕೈ ತೊಳೆಯುತ್ತೇನೆ.